ಹುಟ್ಟು ಮಚ್ಚೆಯೋ, ಗಾಯದ ಕಲೆಯೋ?

ನಮ್ಮದು ತಿಪಟೂರಿನಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಗಲ್ಲಾದಲ್ಲಿ ಕೂರುವವಳು ನಾನು. ಇಪ್ಪತ್ತು ವರ್ಷದಲ್ಲಿ ಎಷ್ಟು ಚಿಲ್ಲರೆ ನನ್ನ ಕೈ ಮೇಲೆ ಹಾದುಹೋಗಿದೆಯೋ ಲೆಕ್ಕ ಇಟ್ಟಿಲ್ಲ. ಆದರೆ ಕಾಸು ಎಣಿಸೋದು ಬೇರೆ, ಕಾಸು ನೋಡೋದು ಬೇರೆ ಅಂತ ಗೊತ್ತಾಗಿದ್ದು ಮಾತ್ರ ಹೋದ ವರ್ಷ. ಅದು ಗೊತ್ತಾಗೋ ಮುಂಚೆ ಒಂದು ತಪ್ಪು ಮಾಡಿಬಿಟ್ಟಿದ್ದೆ. ಅದನ್ನೇ ಇಲ್ಲಿ ಬರೀತಿದ್ದೀನಿ.

ಗಲ್ಲಾದ ಹಿಂದಿನ ಶೆಲ್ಫಿನಲ್ಲಿ ನಮ್ಮತ್ತೆ ಕಾಲದ ಹಾರ್ಲಿಕ್ಸ್ ಬಾಟ್ಲಿ ಒಂದಿದೆ. ಗಿರಾಕಿಗಳು "ಇದು ನಡೆಯಲ್ಲ, ಬೇರೆ ಕೊಡಿ" ಅಂತ ವಾಪಸು ಕೊಟ್ಟ ಕಾಸೆಲ್ಲ ಅದರೊಳಗೆ. ರೈಲು ಹತ್ತಿ ಚಪ್ಪಟೆಯಾದ ಒಂದು ರೂಪಾಯಿ, ಯಾರೋ ತೂತು ಕೊರೆದ ಐವತ್ತು ಪೈಸೆ, ಅಂಚು ಹಾರಿಹೋದ ಐದು ರೂಪಾಯಿ, ಮಧ್ಯದ ಬಿಲ್ಲೆ ಲೊಡಲೊಡ ಅನ್ನುವ ಹತ್ತು ರೂಪಾಯಿ. ಅತ್ತೆ ಯಾವುದನ್ನೂ ಎಸೆಯುತ್ತಿರಲಿಲ್ಲ. "ಲಕ್ಷ್ಮಿ ಕುಂಟಿದ್ರೂ ಲಕ್ಷ್ಮಿನೇ ಕಣಮ್ಮ" ಅನ್ನೋರು. ಅವರು ಹೋಗಿ ಆರು ವರ್ಷವಾಯ್ತು, ಬಾಟ್ಲಿ ಅಲ್ಲೇ ಇತ್ತು.

ಹೋದ ವರ್ಷ ಮಗಳು ಸೆಕೆಂಡ್ ಪಿಯುಸಿ. ಸಿಇಟಿ ಕೋಚಿಂಗು, ಪುಸ್ತಕ, ಬಸ್ ಪಾಸು ಅಂತ ತಿಂಗಳಿಗೊಂದು ಖರ್ಚು. ಅಂಗಡಿ ವ್ಯಾಪಾರ ಹೇಗಿದೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ತಂಗಿ ಮಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. "ದೊಡ್ಡಮ್ಮ, ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ. ನಿಮ್ಮ ಬಾಟ್ಲೀಲಿ ಇರೋದೆಲ್ಲ ಅಂಥವೇ ಅಲ್ವಾ?"

ಅವನು ಹೋದ ಮೇಲೆ ಬಾಟ್ಲಿ ಇಳಿಸಿ ಮೊರದಲ್ಲಿ ಸುರುವಿಕೊಂಡೆ. ಎಣಿಸಿದರೆ ಅರವತ್ತೊಂದು ಕಾಸು. ಒಂದೊಂದೂ ಒಂದೊಂದು ಥರ. ಒಂದಕ್ಕೆ ಸಾವಿರ ಅಂದ್ರೂ... ಅಂತ ಮನಸ್ಸು ಆಗಲೇ ಗುಣಾಕಾರ ಶುರು ಮಾಡಿತ್ತು.

ವಿಡಿಯೋದ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವನು ಹಿಂದಿ ಕಲಸಿದ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಫೋಟೋ ಕಳಿಸಿ ಅಂದ, ಕಳಿಸಿದೆ. ಹತ್ತೇ ನಿಮಿಷಕ್ಕೆ "ಮೇಡಂ, ಮೂರು ಲಕ್ಷಕ್ಕೆ ಪಾಸಾಗಿದೆ" ಅಂದ. ರಿಜಿಸ್ಟ್ರೇಷನ್ನಿಗೆ ಮಾತ್ರ ಎರಡು ಸಾವಿರ ಕಟ್ಟಬೇಕಂತೆ, ರಿಸರ್ವ್ ಬ್ಯಾಂಕಿನ ಕಾಗದ ಬೇರೆ ಇದೆಯಂತೆ. ಮಗಳು ಪಕ್ಕದಲ್ಲೇ ಓದುತ್ತಾ ಕೂತಿದ್ದಳು. "ಅಮ್ಮ, ಕೊಂಡುಕೊಳ್ಳೋನು ದುಡ್ಡು ಕೊಡ್ತಾನೋ ಕೇಳ್ತಾನೋ?" ಅಂದಳು. ಅಷ್ಟೇ ಸಾಕಾಯ್ತು. ಆಮೇಲೆ ಅವಳೇ ಹುಡುಕಿ ತೋರಿಸಿದಳು: ಹಳೇ ನೋಟು ನಾಣ್ಯ ಕೊಳ್ಳುತ್ತೇವೆ ಅಂತ ತನ್ನ ಹೆಸರು ಹೇಳಿಕೊಂಡು ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಅಂಥ ವ್ಯವಹಾರಕ್ಕೂ ತನಗೂ ಸಂಬಂಧವೇ ಇಲ್ಲ ಅಂತ ಹೇಳಿದೆ.

ಮೋಸ ಹೋಗಲಿಲ್ಲ ಅಂತ ಒಂದು ವಾರ ಬೀಗಿದೆ. ಮೋಸ ಮಾಡುವ ಸರದಿ ನನ್ನದು ಅಂತ ಆಗ ಗೊತ್ತಿರಲಿಲ್ಲ.

*

ಆ ಅರವತ್ತೊಂದರಲ್ಲಿ ಒಂದು ಕಾಸು ಮಾತ್ರ ನನಗೆ ಬಹಳ ವಿಚಿತ್ರ ಅನ್ನಿಸಿತ್ತು. ಹಿಂದೆಲ್ಲ ಬರುತ್ತಿತ್ತಲ್ಲ, ಹನ್ನೊಂದು ಮೂಲೆಯ ಎರಡು ರೂಪಾಯಿ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಭಾರತದ ನಕ್ಷೆ, ಅದು. ಇದರಲ್ಲಿ ಸಿಂಹದ ಕಡೆ ಭಾರತದ ನಕ್ಷೆಯೇ ಒಳಕ್ಕೆ ಇಳಿದುಕೊಂಡಿತ್ತು. ಅದೂ ಕನ್ನಡಿಯಲ್ಲಿ ಕಂಡಹಾಗೆ ಉಲ್ಟಾ. ಎಡಕ್ಕಿರಬೇಕಾದ ಗುಜರಾತಿನ ಮೂಗು ಬಲಕ್ಕೆ ತಿರುಗಿತ್ತು.

ನಮ್ಮಂಗಡಿಗೆ ಬಿ.ಕಾಂ. ಓದುವ ಹುಡುಗನೊಬ್ಬ ಬರುತ್ತಾನೆ. ಅಮ್ಮ ಹೊಲಿಗೆ ಹಾಕುತ್ತಾರೆ, ಇವನು ಭಾನುವಾರ ಕೇಟರಿಂಗಿಗೆ ಬಡಿಸಲು ಹೋಗುತ್ತಾನೆ. ಚಿಲ್ಲರೆ ಕೊಟ್ಟಾಗ ಒಂದೊಂದೇ ತಿರುಗಿಸಿ ನೋಡುವ ಚಾಳಿ. ಅವನಿಗೆ ನಾಣ್ಯದ ಹುಚ್ಚು ಅಂತ ಗೊತ್ತಿತ್ತು. ಇದನ್ನು ತೋರಿಸಿದೆ. ಹುಡುಗನ ಮುಖ ಅರಳಿತು. "ಆಂಟಿ, ಇದು ಬ್ರೋಕೇಜ್! ಅಚ್ಚು ಹಾಕುವಾಗ ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡುಬಿಟ್ಟರೆ ಮುಂದಿನ ಬಿಲ್ಲೆಗೆ ಅದರ ಗುರುತು ಹೀಗೆ ಉಲ್ಟಾ ಬೀಳುತ್ತೆ. ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ." ಎಷ್ಟು ಕೊಡ್ತೀಯಪ್ಪ ಅಂದೆ. ಸ್ವಲ್ಪ ಹೊತ್ತು ನೆಲ ನೋಡಿ, ಒಂದೂವರೆ ಸಾವಿರ ಇದೆ ಅಂದ. ಮಾರನೇ ದಿನ ತಂದು ಕೊಟ್ಟ, ಎಲ್ಲ ನೂರು ಇನ್ನೂರರ ನೋಟು. ಅವತ್ತೇ ಸಂಜೆ ಮಗಳ ಪುಸ್ತಕ ಬಂತು.

ಎರಡು ವಾರ ಬಿಟ್ಟು ಅವನ ಫೋನು. "ಆಂಟಿ, ಬೆಂಗಳೂರಿನವರೊಬ್ಬರು ಆರು ಸಾವಿರಕ್ಕೆ ಕೇಳ್ತಿದ್ದಾರೆ. ಭಾನುವಾರ ಹೋಗಿ ಕೊಟ್ಟು ಬರ್ತೀನಿ. ನಿಮಗೂ ಇನ್ನೊಂದು ಸಾವಿರ ಕೊಡ್ತೀನಿ." ಒಳ್ಳೇ ಹುಡುಗ ಅಂದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ನಮ್ಮೆಜಮಾನ್ರಿಗೆ ಈ ಸಂಗತಿ ಹೇಳಿದೆ. ಮಾರಿದ್ದು ಯಾವ ಕಾಸು ಅಂತ ಅಲ್ಲಿಯವರೆಗೆ ಅವರಿಗೆ ಹೇಳಿರಲಿಲ್ಲ.

"ಯಾವುದು, ಮ್ಯಾಪ್ ಉಲ್ಟಾ ಇರೋದಾ?" ಅಂದರು. ಹೂಂ ಅಂದೆ. ಕೈಲಿದ್ದ ತುತ್ತು ಕೆಳಗಿಟ್ಟು ನಗೋಕೆ ಶುರು ಮಾಡಿದರು. "ಅದು ಮಾಡಿದ್ದು ನಾನೇ ಕಣೇ!"

ನಮ್ಮ ಮಾವನವರದ್ದು ಆಗ ಸೈಕಲ್ ಶಾಪು. ಇವರು ಹೈಸ್ಕೂಲು. ಅಪ್ಪ ಊಟಕ್ಕೆ ಹೋದಾಗ ಎರಡು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದಿಟ್ಟು, ವೈಸಿನಲ್ಲಿ ಸಿಕ್ಕಿಸಿ, ಹಿಡಿಕೆಗೆ ಪೈಪು ತೂರಿಸಿ, ಇಬ್ಬರು ಹುಡುಗರು ಜೋತುಬಿದ್ದು ಬಿಗಿ ಮಾಡಿದ್ದರಂತೆ. ಒಂದು ಕಾಸು ಗೆಳೆಯನ ಪಾಲು, ಒಂದು ಇವರ ಪಾಲು. ಅಪ್ಪನಿಗೆ ಸಿಕ್ಕಿಬಿದ್ದು ನಾಲ್ಕೇಟು ತಿಂದಿದ್ದೂ ಆಯ್ತು. ಅತ್ತೆ ಅದನ್ನು ಎತ್ತಿ ಬಾಟ್ಲಿಗೆ ಹಾಕಿದ್ದರು.

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

*

ಆ ರಾತ್ರಿ ನನಗೆ ನಾನೇ ಎಷ್ಟು ವಕಾಲತ್ತು ಮಾಡಿಕೊಂಡೆ ಗೊತ್ತಾ? ನಾನೇನು ಸುಳ್ಳು ಹೇಳಿದೆನಾ? ಬ್ರೋಕೇಜ್ ಅಂದವನು ಅವನು. ಬೆಲೆ ಹೇಳಿದವನು ಅವನು. ಅವನಿಗೂ ಲಾಭ ಬರ್ತಿದೆ, ಬೆಂಗಳೂರಿನವರು ದುಡ್ಡಿದ್ದವರು. ವ್ಯಾಪಾರ ಅಂದ್ರೆ ಇಷ್ಟೇ. ದುಡ್ಡಂತೂ ಪುಸ್ತಕವಾಗಿ ಮೇಜಿನ ಮೇಲೆ ಕೂತಿದೆ.

ಆದರೆ ಒಂದು ವಿಷಯ ಚುಚ್ಚುತ್ತಿತ್ತು. ಮಾರುವಾಗ ನನಗೆ ಗೊತ್ತಿರಲಿಲ್ಲ, ಸರಿ. ಈಗ ಗೊತ್ತಾಗಿದೆಯಲ್ಲ? ನಮ್ಮಂಗಡಿಯಿಂದ ಒಯ್ದ ಕೊಬ್ಬರಿ ಒಳಗೆ ಬೂಸಲು ಹಿಡಿದಿತ್ತು ಅಂತ ಯಾರಾದರೂ ತಂದರೆ, ಒಡೆಯೋ ಮುಂಚೆ ನಮಗೂ ಗೊತ್ತಿರಲಿಲ್ಲ ಅನ್ನುತ್ತೇವಾ? ಬದಲಾಯಿಸಿ ಕೊಡುತ್ತೇವೆ. ಭಾನುವಾರ ಆ ಹುಡುಗ ಅದನ್ನು ಬೆಂಗಳೂರಿಗೆ ಒಯ್ದರೆ, ಅಲ್ಲಿ ತಿಳಿದವರು ನೋಡಿದರೆ, ಕಳ್ಳ ಅನ್ನಿಸಿಕೊಳ್ಳುವವನು ಅವನು. ಯಾರೂ ನೋಡದೆ ಆರು ಸಾವಿರಕ್ಕೆ ಹೋದರೆ ಇನ್ನೊಬ್ಬರ ತಲೆಗೆ. ಎಲ್ಲಾ ಶುರುವಾಗಿದ್ದು ನಮ್ಮ ಬಾಟ್ಲಿಯಿಂದ.

ಬೆಳಿಗ್ಗೆ ಎದ್ದು ಚೀಟಿ ದುಡ್ಡಿಗೆ ಅಂತ ಎತ್ತಿಟ್ಟಿದ್ದರಲ್ಲಿ ಒಂದೂವರೆ ಸಾವಿರ ತೆಗೆದೆ. ನಮ್ಮೆಜಮಾನ್ರು ಏನೂ ಅನ್ನಲಿಲ್ಲ. "ನಾನೂ ಕೂತಿರ್ತೀನಿ. ಮಾಡಿದೋನು ನಾನಲ್ವಾ" ಅಂದರು ಅಷ್ಟೇ.

ಹುಡುಗ ಬಂದ. ಕಾಸು ಮೇಜಿನ ಮೇಲಿಟ್ಟು ಇದ್ದದ್ದು ಇದ್ದಹಾಗೆ ಹೇಳಿದೆವು. ಮೊದಲು ನಂಬಲಿಲ್ಲ. ಇವರು ತಮಾಷೆ ಮಾಡ್ತಿದ್ದಾರೆ ಅಂದುಕೊಂಡ. ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು ನಕ್ಷೆಯ ಕಡೆ ತಿರುಗಿಸಿದ. ಅಲ್ಲಿಯವರೆಗೆ ಅವನೂ ನಾನೂ ಆ ವಿಚಿತ್ರವಾದ ಕಡೆಯನ್ನೇ ನೋಡಿದ್ದೆವು, ಹಿಂದುಗಡೆ ಸರಿಯಾಗಿ ನೋಡಿಯೇ ಇರಲಿಲ್ಲ. ನಕ್ಷೆ ಸವೆದಂತೆ ಚಪ್ಪಟೆಯಾಗಿತ್ತು. ಅದರ ಮೇಲೆ ಅಡ್ಡಡ್ಡ ಉದ್ದುದ್ದ ಸಣ್ಣ ಗೆರೆಗಳ ಜಾಲರಿ. ನಮ್ಮೆಜಮಾನ್ರು "ವೈಸಿನ ಹಲ್ಲು" ಅಂದರು. ಹುಡುಗ ಭೂತಗನ್ನಡಿ ಕೆಳಗಿಟ್ಟ.

ತುಂಬಾ ಹೊತ್ತು ಮಾತಾಡಲಿಲ್ಲ. ಕಣ್ಣು ಕೆಂಪಾಗಿತ್ತು. ದುಡ್ಡು ತಗೊಂಡ, ಎಣಿಸಲಿಲ್ಲ. ಇನ್ನು ಈ ಹುಡುಗ ನಮ್ಮಂಗಡಿ ಕಡೆ ತಲೆ ಹಾಕಲ್ಲ ಅಂದುಕೊಂಡೆ.

*

ಅದರ ಮುಂದಿನ ಭಾನುವಾರ ಬಂದ. ಕೈಲಿ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಪುಟ್ಟ ಡಿಜಿಟಲ್ ತಕ್ಕಡಿ. "ಆಂಟಿ, ನನಗೇ ಗೊತ್ತಾಗಲಿಲ್ಲ ಅಂದ್ರೆ ನಾನಿನ್ನೂ ಕಲಿತಿಲ್ಲ ಅಂತ. ಬಾಟ್ಲಿ ಕೊಡಿ, ಎಲ್ಲಾ ನೋಡೋಣ." ಅವತ್ತಿನಿಂದ ಐದಾರು ವಾರ ನಮ್ಮಂಗಡಿಯ ಹಿಂದಿನ ರೂಮಿನಲ್ಲಿ ಪಾಠ ನಡೆಯಿತು. ಅವನು ಓದಿಕೊಂಡು ಬಂದು ಹೇಳೋನು, ನಾನು ಅಡುಗೆಮನೆ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳುವವಳು.

ನಾಣ್ಯ ಮಾಡೋದು ಪೂರಿ ಮಾಡಿದ ಹಾಗೆ. ಲೋಹದ ಉದ್ದನೆ ತಗಡನ್ನು ಲಟ್ಟಿಸಿ, ದೊಡ್ಡ ಚಪಾತಿಯಿಂದ ಬಟ್ಟಲಲ್ಲಿ ಒತ್ತಿ ಪೂರಿ ತೆಗೆದಂತೆ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಬಿಲ್ಲೆಯ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎಬ್ಬಿಸುತ್ತಾರೆ. ಕಾಯಿಸಿ ಮೆದು ಮಾಡಿ ತೊಳೆಯುತ್ತಾರೆ. ಆಮೇಲೆ ಒಂದು ಗಟ್ಟಿ ಬಳೆಯೊಳಗೆ ಕೂರಿಸಿ, ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚಿನಿಂದ ಒಂದೇ ಏಟು. ಸಿಂಹ, ಅಂಕಿ, ಅಕ್ಷರ, ಅಂಚಿನ ಗೀರು ಎಲ್ಲವೂ ಆ ಒಂದೇ ಏಟಿಗೆ ಮೂಡುತ್ತವೆ. ಆ ಏಟಿನವರೆಗೆ ಆದ ತಪ್ಪು ಟಂಕಸಾಲೆಯದು. ಆ ಏಟು ಬಿದ್ದು ಕಾಸು ಬುಟ್ಟಿಗೆ ಜಾರಿದ ಮೇಲೆ ಆಗಿದ್ದೆಲ್ಲ ಲೋಕದ್ದು. ನಾನು ಇದಕ್ಕೆ ಇಟ್ಟ ಹೆಸರು: ಮೊದಲನೇದು ಹುಟ್ಟು ಮಚ್ಚೆ, ಎರಡನೇದು ಗಾಯದ ಕಲೆ. ಸಂಗ್ರಹಕಾರರು ದುಡ್ಡು ಕೊಡೋದು ಮಚ್ಚೆಗೆ, ಕಲೆಗಲ್ಲ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ, ಅಲ್ಲೇ ಎಡವೋದು.

ಹಾಗಾಗಿ ಕಾಸು ವಿಚಿತ್ರವಾಗಿದೆಯಾ ಅಂತ ಕೇಳಿದರೆ ಸಾಲದು. ಏಟು ಬೀಳೋ ಹೊತ್ತಲ್ಲಿ ಹೀಗಾಗೋದು ಸಾಧ್ಯವಾ ಅಂತ ಕೇಳಬೇಕು.

ನಮ್ಮೆಜಮಾನ್ರ ಕಾಸನ್ನೇ ತಗೊಳ್ಳಿ. ನಿಜವಾದ ಬ್ರೋಕೇಜಿನಲ್ಲಿ ಅಂಟಿಕೊಂಡ ನಾಣ್ಯ ಅಚ್ಚಿಗೂ ಬಿಲ್ಲೆಗೂ ನಡುವೆ ಅಡ್ಡ ಕೂತಿರುತ್ತೆ. ಅದು ಪೂರ್ತಿ ಅಡ್ಡ ಬಂದಿದ್ದರೆ ಆ ಕಡೆ ಉಲ್ಟಾ ಚಿತ್ರ ಮಾತ್ರ ಇರಬೇಕು, ಸಿಂಹ ಮೂಡೋಕೆ ಅವಕಾಶವೇ ಇಲ್ಲ. ಇನ್ನೊಂದು ಕಡೆಗೆ ನೇರವಾಗಿ ಅಚ್ಚೇ ಬಿದ್ದಿರುತ್ತೆ, ಅದು ಉಬ್ಬಿ ನಿಂತಿರಬೇಕು. ನಮ್ಮ ಕಾಸಿನಲ್ಲಿ ಉಲ್ಟಾ ನಕ್ಷೆಯ ಅಡಿಯಲ್ಲಿ ಸಿಂಹದ ಮುಖ ಜಜ್ಜಿಹೋದಂತೆ ಇಣುಕುತ್ತಿತ್ತು. ಮೊದಲು ಸಿಂಹ ಹುಟ್ಟಿದೆ, ಆಮೇಲೆ ಅದರ ಮೇಲೆ ನಕ್ಷೆ ಒತ್ತಿದೆ. ಕಾಸೇ ಕತೆ ಹೇಳುತ್ತಿತ್ತು, ಕೇಳೋ ಕಿವಿ ನಮಗಿರಲಿಲ್ಲ. ತೂಕ ನೋಡಿದರೆ ಸರಿಯಾಗಿ ಆರು ಗ್ರಾಂ, ಹುಟ್ಟಿದಾಗ ಎಷ್ಟಿತ್ತೋ ಅಷ್ಟೇ. ಒತ್ತಿದರೆ ಲೋಹ ಎಲ್ಲಿಗೂ ಹೋಗಲ್ಲವಲ್ಲ. ಹಾಗಾಗಿ ತೂಕ ಸರಿ ಇದೆ ಅಂದಮಾತ್ರಕ್ಕೆ ನಂಬುವ ಹಾಗೂ ಇಲ್ಲ.

ಅಂಚು ಹಾರಿಹೋದ ಐದು ರೂಪಾಯಿ ಬಾಟ್ಲಿಯಲ್ಲಿ ಮೂರಿದ್ದವು. ಪೂರಿ ಒತ್ತುವಾಗ ಬಟ್ಟಲು ಪಕ್ಕದ ತೂತಿನ ಮೇಲೆ ಸ್ವಲ್ಪ ಕೂತುಬಿಟ್ಟರೆ ಕಚ್ಚಿದಂಥ ಪೂರಿ ಬರುತ್ತಲ್ಲ, ಟಂಕಸಾಲೆಯಲ್ಲೂ ಹಾಗಾಗುತ್ತೆ. ಆದರೆ ಕತ್ತರಿ, ಅರದಿಂದಲೂ ಹಾಗೆ ಮಾಡಬಹುದು. ಗುರುತಿಸೋದು ಹೇಗೆ? ಕಚ್ಚಿದ ಜಾಗದ ನೇರ ಎದುರುಗಡೆಯ ಅಂಚು ನೋಡಬೇಕು. ಬಿಲ್ಲೆಯಲ್ಲೇ ಒಂದು ತುಂಡು ಇಲ್ಲದಿದ್ದರೆ ಅಂಚು ಎಬ್ಬಿಸುವ ಯಂತ್ರದಲ್ಲಿ ಎದುರು ಬದಿಗೆ ಒತ್ತಡ ಸಿಗಲ್ಲ, ಅಲ್ಲಿ ಅಂಚು ಸಪ್ಪೆಯಾಗಿ ಮಸುಕಾಗಿರುತ್ತೆ. ಕಚ್ಚಿದ ಜಾಗದ ಪಕ್ಕದ ಅಕ್ಷರಗಳೂ ಸ್ವಲ್ಪ ಕರಗಿದಂತೆ ಹರಡಿರುತ್ತವೆ. ಮೂರರಲ್ಲಿ ಎರಡಕ್ಕೆ ಎದುರಿನ ಅಂಚು ಗಟ್ಟಿಯಾಗಿತ್ತು, ಕತ್ತರಿಸಿದ ಕಡೆ ಅರದ ಗೀರು ಬೇರೆ. ಮೂರನೇದರಲ್ಲಿ ಎದುರಿನ ಅಂಚು ಮಾಯ! ತೂಕ ಆರು ಗ್ರಾಮಿಗೆ ಸ್ವಲ್ಪ ಕಡಿಮೆ. ಅದು ನಮ್ಮ ಮೊದಲನೇ ಹುಟ್ಟು ಮಚ್ಚೆ. ಹುಡುಗ ಕೂಗಿದ ಕೂಗಿಗೆ ಅಂಗಡಿಯಲ್ಲಿದ್ದ ಗಿರಾಕಿ ಹೆದರಿಕೊಂಡರು.

ಗೆರೆಗಳದ್ದು ಇನ್ನೊಂದು ಪಾಠ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿದವರಿಗೆ ಇದು ಸುಲಭ. ಮರದ ಅಚ್ಚು ಎಲ್ಲಾದರೂ ಸೀಳಿದ್ದರೆ ಪಾಕ ಆ ಸೀಳಿಗೂ ಇಳಿಯುತ್ತೆ. ಬಿಡಿಸಿದಾಗ ಸಕ್ಕರೆ ಆನೆಯ ಬೆನ್ನ ಮೇಲೆ ಉಬ್ಬಿದ ಗೆರೆ. ಉಕ್ಕಿನ ಅಚ್ಚು ಬಿರಿದರೂ ಹಾಗೇ, ನಾಣ್ಯದ ಮೇಲೆ ಉಬ್ಬು ಗೆರೆ ಬರುತ್ತೆ. ಅಚ್ಚಿನ ಸಂದಿಯಲ್ಲಿ ಹಿಂದಿನ ಸಕ್ಕರೆ ಅಂಟಿಕೊಂಡಿದ್ದರೆ ಮುಂದಿನ ಆನೆಗೆ ಕಿವಿಯೇ ಇರಲ್ಲ. ಅಚ್ಚಿನಲ್ಲಿ ಜಿಡ್ಡು ತುಂಬಿದರೆ ನಾಣ್ಯದಲ್ಲಿ ಅಂಕಿ ಅಕ್ಷರ ಮಾಯವಾಗೋದೂ ಹೀಗೇ. ಗೀರಿದ ಗಾಯವಾದರೆ ಒಳಕ್ಕೆ ಇಳಿದಿರುತ್ತೆ, ನೇಗಿಲು ಹೊಡೆದ ಸಾಲಿನ ಹಾಗೆ ಎರಡೂ ಪಕ್ಕ ಲೋಹ ಎದ್ದಿರುತ್ತೆ. ಕಣ್ಣಿಗೆ ಕಾಣದಿದ್ದರೆ ಭೂತಗನ್ನಡಿ ಹಿಡಿದು, ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ.

ಹತ್ತು ರೂಪಾಯಿಯ ಕತೆ ಎಲ್ಲ ಅಂಗಡಿಯವರಿಗೂ ಗೊತ್ತು. "ಇದು ನಡೆಯಲ್ಲ" ಅನ್ನೋರು ಇವತ್ತಿಗೂ ಇದ್ದಾರೆ. ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿವೆ, ಎಲ್ಲವೂ ಚಲಾವಣೆಯವೇ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಚಿತ್ರ ಬೇರೆಯಿದ್ದರೆ ಖೋಟಾ ಅಲ್ಲ, ದೋಷವೂ ಅಲ್ಲ. ಇದರಲ್ಲಿ ಹೊರಗಿನ ಹಳದಿ ಬಳೆ, ಒಳಗಿನ ಬಿಳಿ ಬಿಲ್ಲೆ ಒಂದಾಗಿ ಕೂಡಿಕೊಳ್ಳೋದೂ ಆ ಅಚ್ಚಿನ ಏಟಿಗೇ. ಹಾಗಾಗಿ ಒಳಗಿನ ಸಿಂಹವೂ ಸುತ್ತಲಿನ ಅಕ್ಷರವೂ ಒಂದೇ ನೇರಕ್ಕಿರಬೇಕು. ಬಾಟ್ಲಿಯ ಒಂದು ಕಾಸಿನಲ್ಲಿ ಅಕ್ಷರ ನೆಟ್ಟಗಿದ್ದು ಸಿಂಹ ಮಲಗಿತ್ತು. ಯಾರೋ ಬಿಲ್ಲೆ ಬಡಿದು ಬೀಳಿಸಿ ಮತ್ತೆ ತುರುಕಿದ್ದರು. ಬಳೆಯ ಒಳ ಅಂಚಿನಲ್ಲಿ ಸುತ್ತಿಗೆ ಏಟೂ ಇತ್ತು.

ನನಗೆ ಬಹಳ ಇಷ್ಟವಾದದ್ದು ತಲೆಕೆಳಗು ಪರೀಕ್ಷೆ. ಇದಕ್ಕೆ ತಕ್ಕಡಿಯೂ ಬೇಡ, ಭೂತಗನ್ನಡಿಯೂ ಬೇಡ. ನಮ್ಮ ಈಗಿನ ನಾಣ್ಯವನ್ನು ಸಿಂಹ ನೆಟ್ಟಗಿರುವಂತೆ ಹಿಡಿದು, ಪುಸ್ತಕದ ಹಾಳೆ ಮಗುಚಿದ ಹಾಗೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಚಿತ್ರವೂ ನೆಟ್ಟಗೇ ಇರಬೇಕು. ಅದು ಓರೆಯಾಗಿಯೋ ತಲೆಕೆಳಗಾಗಿಯೋ ಇದ್ದರೆ, ಟಂಕಸಾಲೆಯಲ್ಲಿ ಅಚ್ಚು ತನ್ನ ಗೂಡಿನಲ್ಲಿ ಸಡಿಲವಾಗಿ ತಿರುಗಿಕೊಂಡಿದೆ ಅಂತ ಅರ್ಥ. ಸುತ್ತಿಗೆ, ವೈಸು, ರೈಲು ಯಾವುದರಿಂದಲೂ ಒಂದು ಕಡೆಯ ಚಿತ್ರವನ್ನು ಹಾಗೆ ತಿರುಗಿಸೋಕಾಗಲ್ಲ. ತಮಾಷೆ ಅಂದರೆ ಇಂಥ ಕಾಸು ನೋಡೋಕೆ ಏನೂ ವಿಚಿತ್ರವಾಗಿರಲ್ಲ, ಹೊಚ್ಚಹೊಸದರಂತೆ ಇರುತ್ತೆ. ಆದ್ದರಿಂದ ಬಾಟ್ಲಿಯಲ್ಲಿ ಒಂದೂ ಇರಲಿಲ್ಲ. ಮೂರು ವಾರ ಗಲ್ಲಾದ ಚಿಲ್ಲರೆಯಲ್ಲಿ ಹುಡುಕಿದ ಮೇಲೆ ಒಂದು ರೂಪಾಯಿಯ ನಾಣ್ಯವೊಂದು ಸಿಕ್ಕಿತು, ಹಿಂದಿನ ಚಿತ್ರ ಕಾಲು ಸುತ್ತು ತಿರುಗಿತ್ತು. ಇಸವಿಯ ಕೆಳಗೆ ಪುಟ್ಟ ನಕ್ಷತ್ರ, ಅಂದರೆ ಹೈದರಾಬಾದಿನದು. ವಜ್ರದಾಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವಳು ಆ ನಕ್ಷತ್ರವನ್ನು ಮೊದಲ ಸಲ ನೋಡಿದೆ.

*

ಹುಡುಗ ಒಂದು ದಿನ "ಹಳೇವು ಏನಾದರೂ ಇವೆಯಾ ಆಂಟಿ?" ಅಂದ. ದೇವರ ಪೆಟ್ಟಿಗೆಯಿಂದ ಅತ್ತೆಯ ವಿಕ್ಟೋರಿಯಾ ರಾಣಿ ರೂಪಾಯಿ ತಂದೆ. ಮೇಲೆ ಕೊಂಡಿ ಬೆಸೆದಿದೆ. ಯಾವ ಕಾಲದಲ್ಲೋ ಸರದಲ್ಲಿ ಇತ್ತಂತೆ. ವರಮಹಾಲಕ್ಷ್ಮಿಗೆ ಪ್ರತಿ ವರ್ಷ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ರಾಣಿಯ ಕೆನ್ನೆ ನುಣ್ಣಗಾಗಿದೆ. ಒಂದು ಮೂಲೆಯಲ್ಲಿ ಚಿಕ್ಕ ಚುಚ್ಚಿದ ಗುರುತು. ಬೆಳ್ಳಿ ಅಸಲಿಯೋ ನಕಲಿಯೋ ಅಂತ ನೋಡೋಕೆ ಹಿಂದೆ ಶರಾಫರು ಹಾಗೆ ಗುರುತು ಹಾಕುತ್ತಿದ್ದರಂತೆ. ಸಂಗ್ರಹಕಾರರ ಲೆಕ್ಕದಲ್ಲಿ ಕೊಂಡಿ, ಉಜ್ಜಿದ್ದು, ಚುಚ್ಚಿದ್ದು ಮೂರೂ ಕಲೆಗಳೇ, ಮೂರಕ್ಕೂ ಬೆಲೆ ಕಳೆಯುತ್ತೆ. ಇನ್ನು ಮುಂದೆ ಯಾವ ಹಳೇ ಕಾಸನ್ನೂ ತಿಕ್ಕಬೇಡಿ ಅಂತ ಕೈ ಮುಗಿದ.

ಅದರ ಪಕ್ಕದಲ್ಲೇ ನಡುವೆ ದೊಡ್ಡ ತೂತಿರುವ ತಾಮ್ರದ ಬಣ್ಣದ ಕಾಸಿತ್ತು. "ಇದೂ ಕಲೆಯೇ ಬಿಡು" ಅಂದೆ. ನಕ್ಕ. ಅಲ್ಲವಂತೆ! 1943ರಿಂದ 1947ರವರೆಗೆ ಸರ್ಕಾರವೇ ಹಾಗೆ ತೂತಿಟ್ಟು ಅಚ್ಚು ಹಾಕಿಸಿತ್ತು, ಅದೇ ನಮ್ಮ ಹಿರಿಯರ ತೂತು ಕಾಸು. ಅದು ಗಾಯವೂ ಅಲ್ಲ, ತಪ್ಪೂ ಅಲ್ಲ. ಹಾಗೇ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿರೋದು ಮಾಮೂಲು. ಬಳೆಯಿಲ್ಲದೆ, ಕೈಯಿಂದ ಸುತ್ತಿಗೆಯಲ್ಲಿ ಹೊಡೆದು ಮಾಡಿದ ಕಾಸಿಗೆ ಈ ಕಾಲದ ಯಂತ್ರದ ಲೆಕ್ಕ ಹಿಡಿದು, ಇದು ಅಪರೂಪದ ದೋಷ ಅಂತ ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ. ಕಾಸು ಹುಟ್ಟಿದ ಕಾಲ, ಹುಟ್ಟಿದ ರೀತಿ ಗೊತ್ತಿಲ್ಲದೆ ಮಚ್ಚೆ ಯಾವುದು ಅಂತ ಹೇಳೋಕಾಗಲ್ಲ.

ಕೊನೆಗೆ ಲೆಕ್ಕ ಹೇಳಿಬಿಡ್ತೀನಿ. ಅರವತ್ತೊಂದರಲ್ಲಿ ಐವತ್ತೇಳು ಗಾಯದ ಕಲೆಗಳು. ಹುಟ್ಟು ಮಚ್ಚೆ ನಾಲ್ಕೇ: ಕಚ್ಚಿದ ಐದು ರೂಪಾಯಿ, ಉಬ್ಬು ಗೆರೆಯ ಎರಡು ಕಾಸು, ಒಂದು ಅಂಕಿ ಮೂಡದ್ದು. ಜೊತೆಗೆ ಗಲ್ಲಾದಲ್ಲಿ ಸಿಕ್ಕ ತಿರುಗಿದ ರೂಪಾಯಿ. ಹುಡುಗನೇ ಒಂದು ನಾಣ್ಯ ಪ್ರದರ್ಶನಕ್ಕೆ ಒಯ್ದು ಮೂರನ್ನು ಮಾರಿಕೊಟ್ಟ. ಒಟ್ಟು ಎಂಟುನೂರೈವತ್ತು ರೂಪಾಯಿ. ಅರ್ಧ ಅವನಿಗೆ ಅಂದರೆ ತಗೊಳ್ಳಲಿಲ್ಲ, ಬಸ್ ಚಾರ್ಜು ಮಾತ್ರ ತಗೊಂಡ. ತಿರುಗಿದ ರೂಪಾಯಿ ನನಗೇ ಇರಲಿ ಅಂತ ಇಟ್ಟುಕೊಂಡೆ. ಕಚ್ಚಿದ ಐದು ರೂಪಾಯಿ ಹುಡುಗನಿಗೆ ಕೊಟ್ಟೆ. ಬೇಡ ಬೇಡ ಅಂದ. ಅವತ್ತು ದುಡ್ಡು ಎಣಿಸದೆ ಹೋದೆಯಲ್ಲ, ಅದರ ಚಿಲ್ಲರೆ ಇದು ಅಂತ ಹೇಳಿ ಕೈಗೆ ತುರುಕಿದೆ. ಲಕ್ಷದ ಗುಣಾಕಾರ ಹೀಗೆ ಮುಗಿಯಿತು. ಮಗಳ ಫೀಸು ಎಂದಿನಂತೆ ಚೀಟಿಯಲ್ಲೇ ಕಟ್ಟಿದ್ದು.

ವೈಸಿನ ಕಾಸು ಈಗ ನಮ್ಮೆಜಮಾನ್ರ ಪರ್ಸಿನಲ್ಲಿದೆ. ಮೊನ್ನೆ ಅದರ ಜೊತೆಯ ಇನ್ನೊಂದು ಕಾಸು ಒಯ್ದಿದ್ದ ಗೆಳೆಯನಿಗೆ ಫೋನ್ ಮಾಡಿ, "ನಿನ್ನ ಹತ್ರ ಇದ್ರೆ ಯಾರಿಗೂ ಮಾರಬೇಡ ಕಣೋ" ಅಂತ ಹೇಳುತ್ತಿದ್ದರು. ಅದೆಲ್ಲೋ ಕಳೆದುಹೋಗಿದೆಯಂತೆ. ಯಾರ ಕೈಯಲ್ಲಿದೆಯೋ, ಯಾರು ಅದನ್ನು ಲಕ್ಷದ ಕಾಸು ಅಂದುಕೊಂಡಿದ್ದಾರೋ ಅಂತ ನನಗೆ ಆಗಾಗ ಅನ್ನಿಸುತ್ತೆ.

ನಿಮ್ಮ ಮನೆಯಲ್ಲೂ ಅಂಥ ಬಾಟ್ಲಿಯೋ ಡಬ್ಬಿಯೋ ಇರಬಹುದು. ಇಳಿಸಿ ನೋಡಿ, ಒಳ್ಳೇ ಹೊತ್ತು ಹೋಗುತ್ತೆ, ಮಕ್ಕಳನ್ನೂ ಕೂರಿಸಿಕೊಳ್ಳಿ. ಎರಡೂ ಕಡೆ ನೋಡಿ. ಅಂಚು ನೋಡಿ. ತೂಕ ಹಾಕಿ. ತಿಕ್ಕಬೇಡಿ. ಯಾರಿಗೂ ಮುಂಗಡ ದುಡ್ಡು ಕಟ್ಟಬೇಡಿ. ಇಷ್ಟೆಲ್ಲ ಆಗಿ, ಇದು ಹುಟ್ಟು ಮಚ್ಚೆಯೇ ಅಂತ ಗಟ್ಟಿಯಾದ ಮೇಲೂ, ಮಾರೋ ಮುಂಚೆ ನಿಮ್ಮ ಯಜಮಾನ್ರನ್ನ ಒಂದು ಮಾತು ಕೇಳಿ: "ರೀ, ಚಿಕ್ಕವರಿದ್ದಾಗ ಇದಕ್ಕೇನಾದರೂ ಮಾಡಿದ್ರಾ?"